ಮಂಡ್ಯ ಸೀಮೆಯಲ್ಲಿ ವಿಶೇಷ ಶಿಕ್ಷಣ ಮತ್ತು ಜಾತಿ ತಾರತಮ್ಯ: ಒಂದು ಚಾರಿತ್ರಿಕ ವಿವೇಚನೆ

೧. ಪೀಠಿಕೆ

ಕಣ್ಣು, ಕಿವಿ, ಕೈಕಾಲು, ಬುದ್ಧಿಶಕ್ತಿ ಇವುಗಳಲ್ಲಿ ಯಾವುದಾದರೊಂದರ ನ್ಯೂನತೆಯಿಂದ ಸಾಮಾನ್ಯ ಬೋಧನಾಕ್ರಮದಲ್ಲಿ ಕಲಿಯಲಾರದ ಮಗುವಿಗೆ ತಕ್ಕ ಉಪಕರಣವನ್ನೂ ತಕ್ಕ ಅಧ್ಯಾಪಕರನ್ನೂ ಒದಗಿಸಿ ಕಲಿಸುವುದಕ್ಕೆ ವಿಶೇಷ ಶಿಕ್ಷಣವೆಂದು ಹೆಸರು. ಹುಟ್ಟುವ ನ್ಯೂನತೆ ಜಾತಿಯನ್ನು ಕೇಳಿ ಬರುವುದಿಲ್ಲವೆಂಬುದು ಲೋಕರೂಢಿಯ ಮಾತು. ಆದರೆ ಆ ನ್ಯೂನತೆಯನ್ನು ಕಂಡುಹಿಡಿಯುವವರು, ಅಳೆಯುವವರು, ಅದಕ್ಕೆ ಪರಿಹಾರ ಒದಗಿಸುವವರು ಸಮಾಜದೊಳಗಿನವರೇ ಆದುದರಿಂದ, ಸಮಾಜದ ಮೇಲುಕೀಳುಗಳು ಆ ಕಾರ್ಯದಲ್ಲಿಯೂ ನುಸುಳುವುದುಂಟು. ಈ ನುಸುಳುವಿಕೆಯ ರೀತಿ ಎಲ್ಲ ದೇಶಗಳಲ್ಲಿಯೂ ಒಂದೇ ಅಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ನಮ್ಮಲ್ಲಿ ಅದು ತಾಳಿರುವ ರೂಪವನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

೨. ಪರದೇಶಗಳ ಅನುಭವ

ಅಮೆರಿಕದಲ್ಲಿ ಶಾಲೆಗಳ ವರ್ಣಭೇದವನ್ನು ೧೯೫೪ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕಾನೂನುಬಾಹಿರವೆಂದು ಸಾರಿತು. ಬಾಗಿಲು ತೆರೆಯಿತು, ಆದರೆ ಒಳಗೆ ಇನ್ನೊಂದು ಗೋಡೆ ಎದ್ದಿತು. ಕರಿಯ ಮಕ್ಕಳನ್ನು ಅವರ ಸಂಖ್ಯೆಗೆ ಮೀರಿದ ಪ್ರಮಾಣದಲ್ಲಿ ಮಂದಬುದ್ಧಿಯವರೆಂದು ಪ್ರತ್ಯೇಕ ತರಗತಿಗಳಿಗೆ ಕಳುಹಿಸಲಾಗುತ್ತಿತ್ತು. ಲಾಯ್ಡ್ ಡನ್ ಎಂಬ ವಿದ್ವಾಂಸರು ೧೯೬೮ರಲ್ಲಿ ಈ ಕ್ರಮವನ್ನು ಪ್ರಶ್ನಿಸಿದರು. ಕ್ಯಾಲಿಫೋರ್ನಿಯದ ಒಂದು ಮೊಕದ್ದಮೆಯಲ್ಲಿ ೧೯೭೯ರಲ್ಲಿ ನ್ಯಾಯಾಲಯವು ಬುದ್ಧಿಮಾಪನ ಪರೀಕ್ಷೆಯ ಆಧಾರದಿಂದ ಕರಿಯ ಮಕ್ಕಳನ್ನು ಅಂಥ ತರಗತಿಗಳಿಗೆ ಸೇರಿಸುವುದನ್ನು ನಿಷೇಧಿಸಿತು. ಇಂಗ್ಲೆಂಡಿನಲ್ಲಿ ವೆಸ್ಟ್ ಇಂಡೀಸ್ ಮೂಲದ ಮಕ್ಕಳ ವಿಷಯವಾಗಿ ಬರ್ನಾರ್ಡ್ ಕೋರ್ಡ್ ೧೯೭೧ರಲ್ಲಿ ಇದೇ ದೂರನ್ನೆತ್ತಿದರು. ಚೆಕ್ ಗಣರಾಜ್ಯದ ರೋಮಾ ಜನಾಂಗದ ಮಕ್ಕಳನ್ನು ವಿಶೇಷ ಶಾಲೆಗಳಿಗೆ ತಳ್ಳಿದ್ದು ಪಕ್ಷಪಾತವೆಂದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ೨೦೦೭ರಲ್ಲಿ ತೀರ್ಮಾನಿಸಿತು.

ಈ ಎಲ್ಲ ಪ್ರಸಂಗಗಳಲ್ಲಿಯೂ ದೋಷ ಒಂದೇ: ಇಲ್ಲದ ನ್ಯೂನತೆಯನ್ನು ಮಗುವಿನ ಮೇಲೆ ಹೊರಿಸಿದ್ದು. ನಮ್ಮ ಸೀಮೆಯ ದೋಷ ಬಹುಮಟ್ಟಿಗೆ ಇದಕ್ಕೆ ವಿಪರೀತವಾದದ್ದು. ಇಲ್ಲಿ ಇರುವ ನ್ಯೂನತೆಯೇ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಅಲ್ಲಿ ಹಣೆಪಟ್ಟಿಯೇ ಬಂಧನವಾಯಿತು. ಇಲ್ಲಿ ಹಣೆಪಟ್ಟಿ ದೊರೆಯದಿರುವುದೇ ವಂಚನೆಯಾಗಿದೆ.

೩. ಮೈಸೂರು ಸಂಸ್ಥಾನದ ಎರಡು ಧಾರೆಗಳು

ಇದಕ್ಕೆ ಚರಿತ್ರೆಯಲ್ಲಿ ಕಾರಣವನ್ನು ಹುಡುಕಬಹುದು. ಮೈಸೂರು ಸಂಸ್ಥಾನದಲ್ಲಿ ಸಾಮಾಜಿಕ ನ್ಯಾಯದ ಎರಡು ಧಾರೆಗಳು ಬೇಗನೆ ಹೊರಟವು. ಮೈಸೂರು ನಗರದಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆ ೧೯೦೧ರಲ್ಲಿಯೇ ಆರಂಭವಾಯಿತು. ಸ್ವಾತಂತ್ರ್ಯಾನಂತರ ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ, ಮೈಸೂರಿನಲ್ಲಿ ೧೯೬೫ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಸ್ಥಾಪಿತವಾದವು. ಕೊಠಾರಿ ಆಯೋಗದ ಶಿಫಾರಸು (೧೯೬೪-೬೬), ೧೯೯೫ರ ಅಂಗವಿಕಲರ ಅಧಿನಿಯಮ, ನ್ಯೂನತೆಗಳ ವರ್ಗಗಳನ್ನು ೭ರಿಂದ ೨೧ಕ್ಕೆ ಏರಿಸಿದ ೨೦೧೬ರ ಅಧಿನಿಯಮ ಇವೆಲ್ಲ ಈ ಧಾರೆಯ ಮುಂದಿನ ಘಟ್ಟಗಳು.

ಎರಡನೆಯ ಧಾರೆ ಜಾತಿಗೆ ಸಂಬಂಧಿಸಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೮ರಲ್ಲಿ, ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ಹಿಂದುಳಿದ ಕೋಮುಗಳಿಗೆ ವಿದ್ಯೆ, ಉದ್ಯೋಗಗಳಲ್ಲಿ ಪಾಲು ಸಿಗಬೇಕೆಂದು ಹೇಳಿತು. ಸಂವಿಧಾನದ ೧೫, ೧೭, ೪೬ನೆಯ ಅನುಚ್ಛೇದಗಳೂ ೧೯೭೫ರ ಹಾವನೂರು ಆಯೋಗದ ವರದಿಯೂ ಇದೇ ದಾರಿಯಲ್ಲಿ ಬಂದವು.

ಎರಡೂ ಧಾರೆಗಳು ಶ್ಲಾಘ್ಯವಾದುವು. ಆದರೆ ಅವು ಅಕ್ಕಪಕ್ಕದಲ್ಲಿಯೇ ಹರಿದವಲ್ಲದೆ ಸಂಗಮಿಸಲಿಲ್ಲ. ಮೊದಲನೆಯದು ಮಗುವಿನ ಕಿವಿಯನ್ನು ನೋಡಿ ಕೇರಿಯನ್ನು ಮರೆಯಿತು. ಎರಡನೆಯದು ಕೇರಿಯನ್ನು ನೋಡಿ ಕಿವಿಯನ್ನು ಮರೆಯಿತು. ಕೇರಿಯಲ್ಲಿ ಹುಟ್ಟಿದ ಕಿವುಡ ಮಗು ಇವೆರಡರ ನಡುವಿನ ಒಣನೆಲದಲ್ಲಿ ಉಳಿಯಿತು.

೪. ಅಂಕಿಗಳು ಹೇಳುವುದೇನು?

ಬ್ರಿಟಿಷರ ಕಾಲದ ಜನಗಣತಿಗಳಲ್ಲಿ ಬುದ್ಧಿಭ್ರಮಣೆ, ಕಿವುಡು-ಮೂಕತನ, ಕುರುಡು, ಕುಷ್ಠ ಎಂಬ ನಾಲ್ಕು ನ್ಯೂನತೆಗಳನ್ನು ೧೯೩೧ರವರೆಗೂ ಎಣಿಸುತ್ತಿದ್ದರು. ಅನಂತರ ಆ ಪದ್ಧತಿ ನಿಂತಿತು. ೧೯೮೧ರಲ್ಲಿ ಒಮ್ಮೆ ನಡೆದ ಎಣಿಕೆ ೧೯೯೧ರಲ್ಲಿ ಮತ್ತೆ ಬಿಟ್ಟುಹೋಯಿತು. ೨೦೦೧ರಿಂದ ತಿರುಗಿ ಬಂದಿತು. ಎಂದರೆ, ಸ್ವತಂತ್ರ ಭಾರತದ ಮೊದಲ ಐವತ್ತು ವರ್ಷಗಳ ಬಹುಭಾಗದಲ್ಲಿ ಈ ಮಕ್ಕಳು ಜನಗಣತಿಯ ಕಾಗದದ ಮೇಲೆ ಇರಲೇ ಇಲ್ಲ.

೨೦೧೧ರ ಗಣತಿಯಂತೆ ಭಾರತದಲ್ಲಿ ೨.೬೮ ಕೋಟಿ, ಕರ್ನಾಟಕದಲ್ಲಿ ಸುಮಾರು ೧೩.೨ ಲಕ್ಷ ವಿಕಲಚೇತನರಿದ್ದರು. ದೇಶದ ಪರಿಶಿಷ್ಟ ಜಾತಿಗಳಲ್ಲಿ ಅವರ ಪ್ರಮಾಣ ಶೇಕಡ ೨.೪೫, ಪರಿಶಿಷ್ಟ ಪಂಗಡಗಳಲ್ಲಿ ೨.೦೫; ಉಳಿದವರಲ್ಲಿ ೨.೧೮. ವಿಕಲಚೇತನರ ಸಾಕ್ಷರತೆ ನಗರಗಳಲ್ಲಿ ಶೇಕಡ ೬೭ ಇದ್ದರೆ ಹಳ್ಳಿಗಳಲ್ಲಿ ೪೯. ಪರಿಶಿಷ್ಟ ಜಾತಿಗಳ ಅಂಕಿ ಹೆಚ್ಚಾಗಿರುವುದಕ್ಕೆ ಅಪೌಷ್ಟಿಕತೆ, ಪ್ರಸವಕಾಲದ ಆರೈಕೆಯ ಕೊರತೆ, ಅಪಾಯದ ಕೂಲಿಕೆಲಸ ಮುಂತಾದ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಪಂಗಡಗಳ ಅಂಕಿ ಕಡಮೆಯೆಂದು ಅಲ್ಲಿ ನ್ಯೂನತೆಯೇ ಕಡಮೆಯೆಂದು ತೀರ್ಮಾನಿಸುವುದು ಮಾತ್ರ ದುಡುಕಾದೀತು. ಎಣಿಕೆಗೆ ಮುನ್ನ ಗುರುತಿಸುವಿಕೆ ನಡೆಯಬೇಕು. ವೈದ್ಯರು ಕಾಲಿಡದ ಹಾಡಿಯಲ್ಲಿ ಮಂದಶ್ರವಣಕ್ಕೆ ಹೆಸರೇ ಇರುವುದಿಲ್ಲ.

ನ್ಯೂನತೆಯೂ ಜಾತಿಯೂ ಒಂದೆಡೆ ಸೇರಿದಾಗ ಆಗುವ ಪರಿಣಾಮಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರಿನಿಂದ ಪ್ರಸಿದ್ಧವಾದ ಕೀಲುರೋಗವು ೧೯೭೪-೭೫ರ ಸುಮಾರಿಗೆ ಬೆಳಕಿಗೆ ಬಂದಿತು. ಅದಕ್ಕೆ ತುತ್ತಾದವರು ಮುಖ್ಯವಾಗಿ ಚನ್ನಂಗಿ, ಚಲವಾದಿ ಎಂಬ ದಲಿತ ಸಮುದಾಯಗಳವರು. ಗದ್ದೆಯ ಏಡಿಗಳನ್ನು ತಿಂದುದೇ ಕಾರಣವೆಂದು ಮೊದಲು ಶಂಕಿಸಿದರು. ಅದು ಆನುವಂಶಿಕವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಕೂಲಿಯನ್ನೇ ನಂಬಿದ ಮನೆಯಲ್ಲಿ ನಡುವೂ ಮೊಳಕಾಲೂ ಬಾಗಿಹೋದರೆ ರೋಗವೂ ಬಡತನವೂ ಒಂದನ್ನೊಂದು ಬೆಳೆಸುತ್ತವೆಂಬುದನ್ನು ವಿವರಿಸಬೇಕಾಗಿಲ್ಲ.

೫. ಮಂಡ್ಯ ಸೀಮೆಯ ಸ್ಥಿತಿ

ಈಗ ಮಂಡ್ಯಕ್ಕೆ ಬರೋಣ. ೧೯೩೯ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಈ ಜಿಲ್ಲೆಯ ಏಳಿಗೆಗೆ ಕೃಷ್ಣರಾಜಸಾಗರದ ನಾಲೆಯೂ ೧೯೩೩ರ ಸಕ್ಕರೆ ಕಾರ್ಖಾನೆಯೂ ಕಾರಣ. ನೀರು ಬಂದಾಗ ಜಮೀನುಳ್ಳವರಿಗೆ ಬೆಳೆ ಬಂದಿತು; ಜಮೀನಿಲ್ಲದವರಿಗೆ ನಾಟಿ, ಕಬ್ಬು ಕಡಿಯುವ ಕೂಲಿ ಬಂದಿತು. ಜಮೀನಿಲ್ಲದವರಲ್ಲಿ ಪರಿಶಿಷ್ಟ ಜಾತಿಗಳವರೇ ವಿಶೇಷವೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ.

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಮಗುವಿಗೆ ಕಿವಿ ಕೇಳಿಸದೆಂದು ಭಾವಿಸಿ, ಸೇವೆ ತಲಪುವ ದಾರಿಯನ್ನು ಗಮನಿಸಬಹುದು. ಮೊದಲು ಯಾರಾದರೂ ದೋಷವನ್ನು ಗುರುತಿಸಬೇಕು. ಬಳಿಕ ಶ್ರವಣಮಾಪನವಾಗಬೇಕು, ಉಪಕರಣವೂ ತಜ್ಞರೂ ಬೇಕಾದ ಈ ಕೆಲಸಕ್ಕೆ ಸಾಮಾನ್ಯವಾಗಿ ಮಂಡ್ಯಕ್ಕೋ ಮೈಸೂರಿಗೋ ಹೋಗಬೇಕು. ನ್ಯೂನತೆ ಶೇಕಡ ೪೦ಕ್ಕೆ ಕಡಮೆಯಿಲ್ಲವೆಂದು ಪ್ರಮಾಣಪತ್ರ ಪಡೆಯಬೇಕು. ಆಮೇಲೆ ಗುರುತಿನ ಚೀಟಿ, ಶ್ರವಣಯಂತ್ರ, ಶಾಲೆ. ಮಂಡ್ಯ, ಮದ್ದೂರುಗಳಿಗೆ ರೈಲುಮಾರ್ಗವಿದೆ. ಮಳವಳ್ಳಿಗೆ ಬಸ್ಸೇ ಗತಿ. ವಾಕ್ ಶ್ರವಣ ಸಂಸ್ಥೆಯು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಸೇವಾಕೇಂದ್ರ ತೆರೆದದ್ದು ಸ್ತುತ್ಯವೇ. ಆದರೆ ಅದು ಜಿಲ್ಲೆಯ ಪಶ್ಚಿಮದಲ್ಲಿದೆ, ಮಳವಳ್ಳಿ ಪೂರ್ವದಲ್ಲಿದೆ. ಪ್ರತಿಯೊಂದು ಪ್ರಯಾಣಕ್ಕೂ ತಾಯಿಯ ಒಂದು ದಿನದ ಕೂಲಿ ಹೋಗುತ್ತದೆ. ತಪ್ಪಿದ ವೈದ್ಯರು, ಕೆಟ್ಟ ಯಂತ್ರ, ಒಂದು ಕಾಗದದ ಕೊರತೆ ಎಂದರೆ ಇನ್ನೊಂದು ದಿನ. ಗದ್ದೆಯುಳ್ಳ ಮನೆಗೆ ಇದು ತೊಂದರೆ. ಕೂಲಿಯ ಮನೆಗೆ ಇದು ತಡೆಗೋಡೆ. ಮಗು ಮಾತನ್ನು ಕಲಿಯುವುದು ಮೊದಲ ಮೂರು ನಾಲ್ಕು ವರ್ಷಗಳಲ್ಲಿಯೇ ಆದ್ದರಿಂದ ಈ ವಿಳಂಬದ ನಷ್ಟವನ್ನು ಮುಂದೆ ಯಾವ ಸಹಾಯಧನವೂ ತುಂಬಲಾರದು.

ಪರದೇಶಗಳ ದೋಷ ನಮ್ಮಲ್ಲಿ ಬರಲಾರದೆಂದೂ ಹೇಳುವಂತಿಲ್ಲ. ಬಿನೆಯವರ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ, ಮರಾಠಿ ಮಕ್ಕಳಿಗಾಗಿ ಮಾರ್ಪಡಿಸಿದರು. ಅದು ಅಮೂಲ್ಯ ಸೇವೆ. ಆದರೂ ಯಾವ ಪರೀಕ್ಷೆಯೂ ಮನೆಮಾತಿನ ಭೇದವನ್ನು ಪೂರ್ತಿ ಕಳಚಿಕೊಳ್ಳಲಾರದು. ಪುಸ್ತಕದ ಕನ್ನಡವನ್ನು ಮನೆಯಲ್ಲಿ ಕೇಳದ ಮಗುವನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳುಹಿಸುವ ಅಧ್ಯಾಪಕನು ಪರೀಕ್ಷೆಯಿಲ್ಲದೆಯೇ ತೀರ್ಪು ಕೊಟ್ಟಂತೆ. ಹೀಗೆ ಒಂದೇ ಕೇರಿಯಲ್ಲಿ ಕಿವುಡ ಮಗುವನ್ನು ದಡ್ಡನೆಂದೂ, ಜಾಣ ಮಗುವನ್ನು ಮಂದಬುದ್ಧಿಯೆಂದೂ ಬಗೆಯುವುದು ಸಾಧ್ಯ.

೬. ಮುಂದಿನ ದಾರಿ

ಮೀಸಲಾತಿಯಿಂದ ಇದೆಲ್ಲ ಸರಿಹೋಗದೆ ಎಂದು ಕೇಳಬಹುದು. ೧೯೯೨ರ ಮಂಡಲ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಾತಿಯ ಮೀಸಲಾತಿಯನ್ನು ಲಂಬವೆಂದೂ ಅಂಗವಿಕಲರದನ್ನು ಸಮತಲವೆಂದೂ ವಿಂಗಡಿಸಿ, ಎರಡನೆಯದು ಮೊದಲನೆಯದನ್ನು ಅಡ್ಡಹಾಯುತ್ತದೆಂದು ವಿವರಿಸಿತು. ಜಾತಿ, ಲಿಂಗ, ನ್ಯೂನತೆಗಳು ಒಬ್ಬರಲ್ಲಿಯೇ ಕೂಡಿದಾಗ ಆಗುವ ಅನ್ಯಾಯವನ್ನು ಬಿಡಿಬಿಡಿಯಾಗಿ ನೋಡಬಾರದೆಂದು, ಪರಿಶಿಷ್ಟ ಜಾತಿಯ ಅಂಧ ಮಹಿಳೆಯೊಬ್ಬರ ಪ್ರಕರಣದಲ್ಲಿ, ೨೦೨೧ರಲ್ಲಿ ಅದೇ ನ್ಯಾಯಾಲಯ ಹೇಳಿತು. ತತ್ತ್ವದಲ್ಲಿ ಎರಡು ಧಾರೆಗಳೂ ಕೂಡಿದವೆನ್ನಬಹುದು. ಆದರೆ ೨೦೧೬ರ ಅಧಿನಿಯಮದಂತೆ ಉನ್ನತ ಶಿಕ್ಷಣದಲ್ಲಿ ಕಾದಿರಿಸಿದ ಶೇಕಡ ೫ರ ಸ್ಥಾನಗಳು ಕಾಲೇಜಿನ ಬಾಗಿಲಿಗೆ ಬಂದವರಿಗೆ ಮಾತ್ರ ಉಪಯುಕ್ತ. ಒಂದನೆಯ ತರಗತಿಯಲ್ಲಿಯೇ ಉಳಿದುಹೋದವನಿಗೆ ಅವುಗಳಿಂದ ಆಗುವುದೇನು?

ಆದ್ದರಿಂದ ಕೆಲಸ ಕೆಳಗಿನಿಂದ ಆರಂಭವಾಗಬೇಕು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂಗನವಾಡಿ, ಶಾಲೆ ಇವುಗಳ ದಾಖಲೆಗಳಲ್ಲಿ ಜಾತಿಯ ಅಂಕಣವನ್ನೂ ನ್ಯೂನತೆಯ ಅಂಕಣವನ್ನೂ ಕೂಡಿಸಿ ಓದಬೇಕು. ಯಾವ ಕೇರಿಯಿಂದ ಒಬ್ಬ ಮಗುವೂ ಶ್ರವಣಯಂತ್ರ ಪಡೆದಿಲ್ಲವೋ ಆ ಕೇರಿಗೆ ತಜ್ಞರೇ ಹೋಗಬೇಕು. ಮುಂದಿನ ಜನಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸುವುದಾಗಿ ಕೇಂದ್ರ ಸರ್ಕಾರ ೨೦೨೫ರಲ್ಲಿ ಪ್ರಕಟಿಸಿದೆ; ಆ ಎಣಿಕೆಯ ಜೊತೆಗೆ ನ್ಯೂನತೆಯ ಪಟ್ಟಿಯನ್ನೂ ಜಾತಿವಾರು ಒದಗಿಸಿದರೆ ಸಂಶೋಧಕರಿಗೆ ದೊಡ್ಡ ಸಾಧನ ದೊರೆತಂತಾಗುತ್ತದೆ. ಅಲ್ಲಿಯವರೆಗೆ ಕಾದು ಕುಳಿತಿರಬೇಕಾದುದಿಲ್ಲ. ಮದ್ದೂರು, ಮಳವಳ್ಳಿಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ಸುತ್ತಲಿನ ಹತ್ತು ಹಳ್ಳಿಗಳಲ್ಲಿ, ಊರನ್ನೂ ಕೇರಿಯನ್ನೂ ಬಿಡದೆ, ಮನೆಮನೆಗೂ ಹೋಗಿ ಎರಡು ಪ್ರಶ್ನೆಗಳನ್ನು ಕೇಳಲಿ: ಈ ಮನೆಯ ಮಗುವಿನ ನ್ಯೂನತೆಯನ್ನು ಯಾರು, ಎಷ್ಟನೆಯ ವಯಸ್ಸಿನಲ್ಲಿ ಗುರುತಿಸಿದರು? ಗುರುತಿಸಿದ ಮೇಲೆ ಏನು ದೊರೆಯಿತು? ಈ ಉತ್ತರಗಳನ್ನು ಊರಿನದು, ಕೇರಿಯದು ಎಂದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಸೀಮೆಯ ತಾರತಮ್ಯದ ನಿಜವಾದ ಅಳತೆ ತಿಳಿಯುತ್ತದೆ. ಎಲ್ಲಿಂದ ಕೆಲಸವನ್ನು ಆರಂಭಿಸಬೇಕೆಂಬುದೂ ತಿಳಿಯುತ್ತದೆ.