ಗುಡ್ಡದ ದಾರಿಯಲ್ಲಿ ಸೈಕಲ್ಲು: ಹೊಸಬರಿಗೆ ಕೆಲವು ಸೂಚನೆಗಳು

ಸೈಕಲ್ಲು ತುಳಿಯಲು ಬಾರದವರು ನಮ್ಮಲ್ಲಿ ಕಡಿಮೆ. ವಾರವೆಲ್ಲ ಆಫೀಸು, ಕಾರಖಾನೆಗಳಲ್ಲಿ ದುಡಿಯುವ ಮಿತ್ರರು ಕೆಲವರು ದಪ್ಪ ಟೈರಿನ ಗೇರು ಸೈಕಲ್ಲು ಕೊಂಡು, ರವಿವಾರ ಪುಣೆ, ಮುಂಬಯಿಗಳ ಸುತ್ತಲಿನ ಗುಡ್ಡಗಳಿಗೆ ಹೊರಡುತ್ತಾರೆ. ಸಂತೋಷವೇ. ಆದರೆ ಡಾಂಬರು ರಸ್ತೆಯ ಅಭ್ಯಾಸವೊಂದೇ ಕಲ್ಲುಮಣ್ಣಿನ ಇಳಿಜಾರಿಗೆ ಸಾಲದು. ಕೈ ಮುರಿದರೆ ದಿನಗೂಲಿಯವನ ಮನೆಯ ಒಲೆಯೇ ಆರೀತು. ಆದ್ದರಿಂದ ಈ ನಾಲ್ಕು ಮಾತು.

ಈ ಆಟ ಬೆಳೆದುದೇ ಇಳಿಜಾರಿನಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1976ರಲ್ಲಿ ಕೆಲವು ತರುಣರು ಹಳೆಯ, ಭಾರವಾದ ಸೈಕಲ್ಲುಗಳನ್ನು ಗುಡ್ಡದ ಮೇಲಿಂದ ಇಳಿಸುವ ಪಂದ್ಯ ಹೂಡಿದರು. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವುಗಳದು. ಕೆಳಗೆ ಮುಟ್ಟುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಅದರಿಂದಲೇ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದು ಹೆಸರಾಯಿತು. 1996ರಲ್ಲಿ ಈ ಆಟ ಒಲಿಂಪಿಕ್ಸನ್ನೂ ಸೇರಿತು. ಸೈಕಲ್ಲು ಸುಧಾರಿಸಿದೆ, ಬ್ರೇಕೇ ಪ್ರಾಣವೆಂಬ ಮಾತು ಬದಲಾಗಿಲ್ಲ.

ಹೊರಡುವ ಮೊದಲು: ಎರಡೂ ಬ್ರೇಕು ಹಿಡಿಯುತ್ತವೆಯೇ, ಯಾವ ಕೈಯದು ಮುಂದಿನ ಗಾಲಿಗೆ ಎಂಬುದನ್ನು ನೋಡಿಕೊಳ್ಳಿರಿ. ಟೈರನ್ನು ಕಲ್ಲಿನಂತೆ ಗಟ್ಟಿ ಮಾಡಬೇಡಿರಿ. ಗಾಳಿ ಸ್ವಲ್ಪ ಕಡಿಮೆಯಿದ್ದರೆ ಟೈರು ನೆಲ ಕಚ್ಚುತ್ತದೆ. ಆದರೆ ಟೈರಿನ ಮಗ್ಗುಲಲ್ಲಿ ಅಚ್ಚಾದ ಕನಿಷ್ಠ ಅಂಕಿಗಿಂತ ಕೆಳಗಿಳಿಸಬಾರದು. ಹೆಲ್ಮೆಟ್, ನೀರು, ಪಂಪು, ಒಂದು ಟ್ಯೂಬು ಜೊತೆಗಿರಲಿ.

ಏರುವಾಗ: ಏರು ಬರುವ ಮುಂಚೆಯೇ ಹಗುರ ಗೇರಿಗೆ ಬನ್ನಿರಿ. ಬಲ ಹಾಕಿ ತುಳಿಯುತ್ತಿರುವಾಗ ಗೇರು ಬದಲಿಸಿದರೆ ಚೈನು ಜಾರುತ್ತದೆ, ಕಡಿಯಲೂಬಹುದು. ಸೀಟಿನ ತುದಿಗೆ ಸರಿದು, ಎದೆ ತಗ್ಗಿಸಿರಿ. ಮುಂದಿನ ಗಾಲಿ ಮೇಲೇಳದು.

ಇಳಿಯುವಾಗ: ಸೀಟನ್ನು ತುಸು ತಗ್ಗಿಸಿರಿ. ಎರಡು ಪೆಡಲೂ ಸಮಮಟ್ಟದಲ್ಲಿರಲಿ. ಅವುಗಳ ಮೇಲೆ ನಿಂತು, ಮೊಣಕಾಲು ಮೊಣಕೈ ಮಡಿಸಿ, ಸೊಂಟವನ್ನು ಹಿಂದಕ್ಕೆ ಸರಿಸಿರಿ. ಹೆಚ್ಚು ತಡೆಯುವ ಶಕ್ತಿ ಮುಂದಿನ ಬ್ರೇಕಿನದು. ಆದರೆ ಅದನ್ನು ಗಕ್ಕನೆ ಒತ್ತಿದರೆ ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಬೀಳುತ್ತಾನೆ. ಹಿಂದಿನದನ್ನೇ ಒತ್ತಿದರೆ ಗಾಲಿ ಕಟ್ಟಿಕೊಂಡು ಜಾರುತ್ತದೆ. ಎರಡನ್ನೂ ಒಂದೆರಡು ಬೆರಳಿನಿಂದ ಮೆಲ್ಲಗೆ ಒತ್ತುತ್ತ ಬರಬೇಕು. ತಿರುವಿಗೆ ಮೊದಲೇ ವೇಗ ತಗ್ಗಿಸಿರಿ. ತಿರುವಿನ ನಡುವೆ ಬ್ರೇಕು ಒತ್ತಿದವನು ಬೀಳುವುದೇ ಹೆಚ್ಚು.

ಕಣ್ಣು ಎಲ್ಲಿಯೋ ಸೈಕಲ್ಲು ಅಲ್ಲಿಗೆ. ತಪ್ಪಿಸಬೇಕಾದ ಕಲ್ಲನ್ನೇ ದಿಟ್ಟಿಸಿದರೆ ಅದರ ಮೇಲೆಯೇ ಹೋಗುತ್ತೇವೆ. ಹೋಗಬೇಕಾದ ದಾರಿಯನ್ನು, ದೂರದವರೆಗೆ, ನೋಡಿರಿ.

ಇವನ್ನೆಲ್ಲ ಮೊದಲು ಬಯಲಿನಲ್ಲಿ, ಆಮೇಲೆ ಸಣ್ಣ ದಿಬ್ಬದಲ್ಲಿ ಅಭ್ಯಾಸ ಮಾಡಬೇಕು. ಒಬ್ಬರೇ ಹೋಗಬಾರದು. ನಡೆದು ಹೋಗುವವರಿಗೆ ದಾರಿ ಬಿಡುವುದು ನಮ್ಮ ಧರ್ಮ. ಅಂಜಿಕೆಯೆನಿಸಿದ ಕಡೆ ಇಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆದರೆ ಯಾರ ಮಾನವೂ ಹೋಗುವುದಿಲ್ಲ. ಸೋಮವಾರ ಎಂದಿನಂತೆ ಕೆಲಸಕ್ಕೆ ಹಾಜರಾಗುವುದೇ ರವಿವಾರದ ಸವಾರಿ ಚೆನ್ನಾಗಿತ್ತೆಂಬುದಕ್ಕೆ ಸಾಕ್ಷಿ.