ಕೂಸು ಬಡವಾದ ಕಥೆ

ಇಂದು ನಾನು ಒಂದು ಸೊನ್ನೆಯ ಕಥೆಯನ್ನು ಹೇಳಬೇಕೆಂದಿದ್ದೇನೆ. 2013ರ ಸೆಪ್ಟೆಂಬರ್ 22ರಂದು ಅಮೆರಿಕದ ಹ್ಯೂಸ್ಟನ್ ನಗರದ ಬೇಸ್‌ಬಾಲ್ ತಂಡ ಆಸ್ಟ್ರೋಸ್ ಆಡಿದ ಪಂದ್ಯವನ್ನು ಆ ಊರಿನ ಕ್ರೀಡಾವಾಹಿನಿ ಬಿತ್ತರಿಸಿತು. ವೀಕ್ಷಕರನ್ನು ಅಳೆಯುವ ನೀಲ್ಸನ್ ಸಂಸ್ಥೆಯ ಲೆಕ್ಕದಲ್ಲಿ ಅದಕ್ಕೆ ದೊರೆತ ಅಂಕ 0.0. ಅಳತೆಗೆಂದು ಆರಿಸಿದ್ದ ಮನೆಗಳಲ್ಲಿ ಒಂದರಲ್ಲಿಯೂ ಆ ಪಂದ್ಯವನ್ನು ನೋಡಿದ ದಾಖಲೆಯಿರಲಿಲ್ಲ.

20 ಲಕ್ಷಕ್ಕೂ ಮಿಕ್ಕಿ ಜನರಿರುವ ಊರಿಗೆ ತನ್ನ ತಂಡದ ಮೇಲೆ ಇಷ್ಟು ಅನಾದರವೇ? ಆ ವರ್ಷ ತಂಡ 162 ಪಂದ್ಯಗಳಲ್ಲಿ 111ನ್ನು ಸೋತಿತ್ತೆಂಬುದು ನಿಜ. ಆದರೆ ನೋಡಬೇಕೆಂದವರಿಗೂ ಬಾಗಿಲು ಮುಚ್ಚಿತ್ತು.

ಇಂಥ ಪ್ರಾದೇಶಿಕ ವಾಹಿನಿಗಳ ಆದಾಯದ ರೀತಿ ವಿಚಿತ್ರವಾದುದು. ಕೇಬಲ್ ಮತ್ತು ಉಪಗ್ರಹ ಕಂಪನಿಗಳು ಪ್ರತಿ ಮನೆಗೆ ತಿಂಗಳಿಗಿಷ್ಟೆಂದು ವಾಹಿನಿಗೆ ಹಣ ತೆರುತ್ತವೆ. ಅದನ್ನು ಎಲ್ಲ ಚಂದಾದಾರರ ಬಿಲ್ಲಿಗೂ ಸೇರಿಸುತ್ತವೆ. ಆಟವನ್ನು ಎಂದೂ ನೋಡದ ಅಜ್ಜಿಯೂ ಆಟಗಾರನ ಸಂಬಳಕ್ಕೆ ಕಾಣಿಕೆ ಸಲ್ಲಿಸುತ್ತಾಳೆ.

ಹ್ಯೂಸ್ಟನ್ನಿನ ವಾಹಿನಿ 2012ರ ಅಕ್ಟೋಬರಿನಲ್ಲಿ ಆರಂಭವಾಯಿತು. ಒಡೆಯರು ಮೂವರು: ಆಸ್ಟ್ರೋಸ್, ಬ್ಯಾಸ್ಕೆಟ್‌ಬಾಲ್ ತಂಡ ರಾಕೆಟ್ಸ್ ಮತ್ತು ಕೇಬಲ್ ಕಂಪನಿ ಕಾಮ್‌ಕಾಸ್ಟ್. ಕಾಮ್‌ಕಾಸ್ಟ್ ತನ್ನ ಗ್ರಾಹಕರಿಗೆ ವಾಹಿನಿಯನ್ನು ತಲುಪಿಸಿತು. ಡೈರೆಕ್‌ಟಿವಿ, ಡಿಶ್, ಎಟಿ ಅಂಡ್ ಟಿ ಕಂಪನಿಗಳು ಬೆಲೆ ಹೆಚ್ಚೆಂದು ನಿರಾಕರಿಸಿದವು. ಹೀಗಾಗಿ ಊರಿನ ಸುಮಾರು ಶೇಕಡಾ 40 ಮನೆಗಳಿಗೆ ಮಾತ್ರ ಆಟ ಕಂಡಿತು. ದರ ಇಳಿಸೋಣವೆಂದರೆ, ಮುಖ್ಯ ನಿರ್ಧಾರಗಳಿಗೆ ಮೂವರ ಒಪ್ಪಿಗೆಯೂ ಬೇಕಿತ್ತು. ಬಂದ ಬೆಲೆಗೆ ಆಸ್ಟ್ರೋಸ್ ಒಪ್ಪಲಿಲ್ಲ. ಸೊನ್ನೆಯ ಆ ಪಂದ್ಯ ಮುಗಿದು ಐದೇ ದಿನಕ್ಕೆ ಕಾಮ್‌ಕಾಸ್ಟ್ ಕಡೆಯ ಸಾಲಿಗರು ವಾಹಿನಿಯನ್ನು ದಿವಾಳಿ ನ್ಯಾಯಾಲಯಕ್ಕೆ ಎಳೆದರು.

2014ರ ನವೆಂಬರಿನಲ್ಲಿ ಅದು ಹೊಸ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ಕೈಗೆತ್ತಿಕೊಂಡವರು ಯಾರು? ಹಿಂದೆ ಬೆಲೆ ಹೆಚ್ಚೆಂದಿದ್ದ ಡೈರೆಕ್‌ಟಿವಿ ಮತ್ತು ಎಟಿ ಅಂಡ್ ಟಿ! 2023ರಲ್ಲಿ ಎರಡು ತಂಡಗಳೇ ಅದನ್ನು ಕೊಂಡು ಮತ್ತೊಮ್ಮೆ ಹೆಸರು ಬದಲಿಸಿದವು. ಅದೇ ವರ್ಷದ ಮಾರ್ಚಿನಲ್ಲಿ, ಇಂಥ ಹಲವು ವಾಹಿನಿಗಳ ಒಡೆತನದ ಡೈಮಂಡ್ ಸ್ಪೋರ್ಟ್ಸ್ ಸಂಸ್ಥೆಯೂ ದಿವಾಳಿ ಅರ್ಜಿ ಹಾಕಿತು. ಜನ ಕೇಬಲ್ ಬಿಡುತ್ತಿದ್ದಂತೆ ಅಜ್ಜಿಯ ಕಾಣಿಕೆಯೂ ನಿಲ್ಲತೊಡಗಿತ್ತು.

ಲಾಭನಷ್ಟಗಳ ಈ ಪುರಾಣದಲ್ಲಿ ನನ್ನ ಮನಸ್ಸನ್ನು ಕಲಕುವುದು ಬೇರೊಂದು ಸಂಗತಿ. 2014ರಲ್ಲಿ ಆಸ್ಟ್ರೋಸ್ ತಂಡದ ಹೊಸೆ ಆಲ್ಟೂವೆ 225 ಹಿಟ್‌ಗಳನ್ನು ಗಳಿಸಿ, ಅಮೆರಿಕನ್ ಲೀಗಿನಲ್ಲೇ ಅತ್ಯುತ್ತಮ ಬ್ಯಾಟಿಂಗ್ ಸರಾಸರಿಯ ಗೌರವ ಪಡೆದರು. ಅವರ ಊರಿನ ಅರ್ಧಕ್ಕೂ ಹೆಚ್ಚು ಮನೆಗಳ ಪಾಲಿಗೆ ಆ ವಾಹಿನಿ ಆಗಲೂ ಕತ್ತಲೆಯಾಗಿಯೇ ಇತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬಡವಾದ ಕೂಸು ನೋಡುಗ. ವಾಹಿನಿಯನ್ನು ಮತ್ತೆ ಕಟ್ಟಬಹುದು. ಅವನು ಕಾಣದೆ ಹೋದ ಆ ಬೇಸಗೆಯನ್ನು ಯಾವ ನ್ಯಾಯಾಲಯವೂ ಮರಳಿಸಲಾರದು.