ಅಮರಾವತಿನಗರ ಸೈನಿಕ ಶಾಲೆ: ಕನ್ನಡದಲ್ಲಿ ಪ್ರವೇಶ ಪರೀಕ್ಷೆ ಆರನೆಯ ತರಗತಿಗೆ ಮಾತ್ರ

ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ ತಾಲೂಕಿನಲ್ಲಿ, ಅಮರಾವತಿ ಅಣೆಕಟ್ಟೆಯ ಸಮೀಪದಲ್ಲಿ, 1962ರಲ್ಲಿ ಸ್ಥಾಪಿತವಾದ ಸೈನಿಕ ಶಾಲೆಯಿದೆ. 2009ರವರೆಗೆ ಆ ಪ್ರದೇಶ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಮಕ್ಕಳನ್ನು ಸಿದ್ಧಪಡಿಸುವುದು ಈ ವಸತಿ ಶಾಲೆಯ ಮುಖ್ಯ ಉದ್ದೇಶ.

ಮಕ್ಕಳೊಡನೆ ಶಾಲೆಯನ್ನು ನೋಡಿಬರಲು ಹೊರಡುವ ಪಾಲಕರು ಒಂದು ಸಂಗತಿಯನ್ನು ಮೊದಲೇ ಅರಿತಿರಬೇಕು. ಆರನೆಯ ತರಗತಿಯ ಅಖಿಲ ಭಾರತ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಒಂಬತ್ತನೆಯ ತರಗತಿಯ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಆದ್ದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಐದನೆಯ ತರಗತಿಯ ವರ್ಷವೇ ನಿರ್ಣಾಯಕ. ಪ್ರವೇಶದ ವರ್ಷದ ಮಾರ್ಚ್ 31ಕ್ಕೆ ಮಗುವಿನ ವಯಸ್ಸು 10ರಿಂದ 12ರ ನಡುವೆ ಇರಬೇಕು. ಹೆಣ್ಣುಮಕ್ಕಳೂ ಅರ್ಜಿ ಸಲ್ಲಿಸಬಹುದು. ಒಟ್ಟು 300 ಅಂಕಗಳಲ್ಲಿ 150 ಗಣಿತಕ್ಕೇ ಮೀಸಲು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ವಾಸಸ್ಥಳವೂ ಮುಖ್ಯ. ಶೇಕಡಾ 67ರಷ್ಟು ಸ್ಥಾನಗಳು ಶಾಲೆಯಿರುವ ರಾಜ್ಯದವರಿಗೆ ಮೀಸಲು. ತಮಿಳುನಾಡಿನ ನಿವಾಸಿಗಳಾದ ಕನ್ನಡಿಗರಿಗೆ ಅಮರಾವತಿನಗರದಲ್ಲಿ ಈ ಅನುಕೂಲವುಂಟು; ವಿಜಯಪುರ, ಕೊಡಗಿನ ಸೈನಿಕ ಶಾಲೆಗಳಲ್ಲಿ ಅವರು ಹೊರರಾಜ್ಯದವರು.

ಪರೀಕ್ಷೆ ಕನ್ನಡದಲ್ಲಿದ್ದರೂ ಪ್ರವೇಶಾನಂತರದ ಬೋಧನೆ ಇಂಗ್ಲಿಷಿನಲ್ಲಿ. ಆದಕಾರಣ ಭೇಟಿಯ ವೇಳೆ ಕಟ್ಟಡ, ಮೈದಾನಗಳನ್ನಷ್ಟೇ ನೋಡಿ ಮರಳದೆ, ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಮೊದಲ ವರ್ಷ ಯಾವ ನೆರವು ದೊರೆಯುವುದು, ಯಾವ ಭಾಷೆಗಳನ್ನು ಕಲಿಸುವರು, ಶುಲ್ಕವೆಷ್ಟು, ವಿದ್ಯಾರ್ಥಿವೇತನವುಂಟೆ ಎಂದು ವಿಚಾರಿಸಬೇಕು. ಗಣಿತದ ಪಾರಿಭಾಷಿಕ ಪದಗಳನ್ನು ಈಗಿನಿಂದಲೇ ಎರಡೂ ಭಾಷೆಗಳಲ್ಲಿ ಕಲಿಸುವುದು ಒಳಿತೆಂದು ನಾವು ಭಾವಿಸುತ್ತೇವೆ. ಅರ್ಜಿ ಸಲ್ಲಿಸುವಾಗ ಆ ವರ್ಷದ ಅಧಿಕೃತ ಪ್ರಕಟಣೆಯನ್ನು ತಪ್ಪದೆ ಓದಿರಿ.